ಇಳಿಸಿದ ಎಲೆ ಮತ್ತು ಮರಳಿ ಎತ್ತುವ ಹಕ್ಕು

2021ನೆಯ ಇಸವಿಯ ಮಳೆಗಾಲದ ಒಂದು ರಾತ್ರಿ ನಾನು ಗಣಕಯಂತ್ರದ ಮುಂದೆ ಕುಳಿತು ಬ್ರಿಜ್ ಆಡುತ್ತಿದ್ದೆ. ನಾಲ್ಕು ಇಸ್ಪೀಟಿನ ಕರಾರು ನನ್ನದು. ಹತ್ತು ಟ್ರಿಕ್ ಗೆಲ್ಲಬೇಕು. ತುರುಪೆಲ್ಲ ಮುಗಿಯಿತೆಂದು ಎಣಿಸಿಕೊಂಡು ಕಳಾವರದ ರಾಜನನ್ನು ಇಳಿಸಿದೆ. ಎಕ್ಕ ಆಗಲೇ ಹೋಗಿದ್ದುದರಿಂದ ರಾಜನೇ ದೊಡ್ಡವನು. ಎಲೆ ಪರದೆಯ ನಡುವಿಗೆ ಜಾರಿದ ಕ್ಷಣದಲ್ಲೇ ನನ್ನ ಎದೆ ಧಸಕ್ಕೆಂದಿತು. ಎಣಿಕೆ ತಪ್ಪಿತ್ತು. ಎದುರಾಳಿಗಳಲ್ಲಿ ಒಬ್ಬರ ಬಳಿ ಇಸ್ಪೀಟಿನ ಏಳು ಇನ್ನೂ ಉಳಿದಿತ್ತು. ಎಡಗಡೆಯವರು ಎಲೆ ಹಾಕುವ ಮೊದಲೇ ನಾನು ‘ಅನ್‌ಡು’ ಎಂಬ ಗುಂಡಿಯನ್ನು ಒತ್ತಿದೆ. ಎರಡು ಕ್ಷಣ ಕಳೆದು ಒಪ್ಪಿಗೆ ಬಂತು. ರಾಜ ನನ್ನ ಕೈಗೆ ಮರಳಿದ. ಉಳಿದ ಒಂದು ತುರುಪನ್ನು ಎಳೆದು, ಆಮೇಲೆ ಕಳಾವರ ಆಡಿ, ಹತ್ತು ಟ್ರಿಕ್ಕುಗಳನ್ನು ಗೆದ್ದು 420 ಅಂಕ ಪಡೆದೆ.

ಎದುರಾಳಿಯಾಗಿದ್ದವರು ನನ್ನ ಹಳೆಯ ಸ್ನೇಹಿತರು, ಬಿ.ಎಡ್. ಓದುವಾಗ ಒಂದೇ ವಸತಿಗೃಹದಲ್ಲಿದ್ದವರು. ನನಗೆ ಬ್ರಿಜ್ ಕಲಿಸಿದವರೂ ಅವರೇ. ಬೆರಳು ಜಾರಿತೆಂದು ಅವರು ಭಾವಿಸಿರಬೇಕೆಂದು ನಾನು ಅಂದುಕೊಂಡೆ. ನಾನೂ ಏನೂ ಹೇಳಲಿಲ್ಲ. ಆ ಗುಂಡಿ ಕಾರಣ ಕೇಳುವುದಿಲ್ಲ, ಆದುದರಿಂದ ನಾನು ಸುಳ್ಳು ಹೇಳಿದಂತೆಯೂ ಆಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ ಈ ಸಮಾಧಾನ ಎಷ್ಟು ಹೊತ್ತು ನಿಲ್ಲಬಲ್ಲುದೆಂದು ನೀವೇ ಊಹಿಸಬಹುದು. ಅಂದಿನಿಂದ ಈ ‘ಮರಳಿ ಎತ್ತುವ’ ನಿಯಮದ ಇತಿಹಾಸವನ್ನು ಸ್ವಲ್ಪ ಹುಡುಕಿ ಓದಿದೆ. ಓದಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ರಿಜ್ ಆಡದ ಓದುಗರಿಗಾಗಿ ನಾಲ್ಕು ಮಾತು. ನಾಲ್ವರು ಎರಡು ಜೊತೆಗಳಾಗಿ ಎದುರುಬದುರು ಕುಳಿತು, ತಲಾ ಹದಿಮೂರು ಎಲೆ ಹಿಡಿದು ಆಡುವ ಆಟವಿದು. ಮೊದಲು ಹರಾಜು ನಡೆಯುತ್ತದೆ. ಯಾವ ತುರುಪಿನಲ್ಲಿ ಎಷ್ಟು ಟ್ರಿಕ್ ಗೆಲ್ಲುತ್ತೇವೆಂದು ಕೂಗಬೇಕು. ಹರಾಜು ಗೆದ್ದ ಪಕ್ಷದಲ್ಲಿ ಒಬ್ಬನು ಆಟಗಾರ. ಅವನ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಿರುತ್ತಾನೆ. ಅವನಿಗೆ ‘ಡಮ್ಮಿ’ ಎಂದು ಹೆಸರು. ನಮ್ಮ ಕಡೆ ಮದುವೆಮನೆಗಳಲ್ಲಿ ಆಡುತ್ತಿದ್ದ ಇಪ್ಪತ್ತೆಂಟರ ಆಟ ಬಲ್ಲವರಿಗೆ ಹರಾಜೂ ತುರುಪೂ ಹೊಸವಲ್ಲ. ಅಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು; ಇಲ್ಲಿ ಎಕ್ಕವೇ ದೊಡ್ಡದು. ನಮ್ಮ ಸೋದರಮಾವನ ಜಗಲಿಯಲ್ಲಿ ಚಾಪೆ ಮುಟ್ಟಿದ ಎಲೆಯನ್ನು ಯಾರಾದರೂ ಎತ್ತಲು ಹೋದರೆ ಮಾವ ಏನೂ ಹೇಳದೆ ಆ ಕೈಯ ಮೇಲೆ ತಮ್ಮ ಅಂಗೈ ಇಡುತ್ತಿದ್ದರು. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಮಾವನ ಅಂಗೈ ಮಾಡಿದ ಕೆಲಸವನ್ನು ಇಂಗ್ಲೆಂಡಿನಲ್ಲಿ ಪುಸ್ತಕ ಮಾಡಿತು. ಬ್ರಿಜ್ಜಿನ ಪೂರ್ವಜ ವಿಸ್ಟ್ ಎಂಬ ಆಟ. 1742ರಲ್ಲಿ ಎಡ್ಮಂಡ್ ಹಾಯ್ಲ್ ಎಂಬಾತ ಅದರ ಬಗ್ಗೆ ಒಂದು ಕಿರುಹೊತ್ತಗೆ ಪ್ರಕಟಿಸಿದ. ಕೈಯಲ್ಲಿ ಕೇಳಿದ ಬಣ್ಣದ ಎಲೆ ಇದ್ದೂ ಬೇರೆ ಬಣ್ಣ ಹಾಕಿದವನಿಗೆ ವಿಸ್ಟ್‌ನಲ್ಲಿ ಮೂರು ಟ್ರಿಕ್ಕುಗಳ ದಂಡವಿತ್ತು. ತಪ್ಪೆಲ್ಲಕ್ಕೂ ದಂಡ, ದಂಡ ಕೊಟ್ಟರೆ ತಪ್ಪು ತೀರಿತು ಎಂಬುದು ಆ ಕಾಲದ ಭಾವನೆ. ಆ ಆಟ ಹಣ ಕಟ್ಟಿ ಆಡುವಂಥದು ಎಂಬುದನ್ನು ಇಲ್ಲಿ ಮರೆಯಬಾರದು. ಹಣವಿದ್ದಲ್ಲಿ ಉದ್ದೇಶವನ್ನು ವಿಚಾರಿಸುತ್ತ ಕುಳಿತರೆ ಬೆಳಗಾಗುತ್ತದೆ. ಆದ್ದರಿಂದ ಕಣ್ಣಿಗೆ ಕಂಡ ಎಲೆಯೇ ಪ್ರಮಾಣ, ಮನಸ್ಸಿನೊಳಗಿದ್ದುದಕ್ಕೆ ಬೆಲೆಯಿಲ್ಲ. 1864ರಲ್ಲಿ ಲಂಡನ್ನಿನ ಕ್ಲಬ್ಬುಗಳಿಗಾಗಿ ಜೆ. ಎಲ್. ಬಾಲ್ಡ್ವಿನ್ ಸಂಪಾದಿಸಿದ ವಿಸ್ಟ್ ನಿಯಮಾವಳಿ ಈ ಪದ್ಧತಿಯನ್ನು ಗಟ್ಟಿಗೊಳಿಸಿತು.

ಇಂದಿನ ಕಾಂಟ್ರಾಕ್ಟ್ ಬ್ರಿಜ್ಜಿಗೆ ರೂಪ ಕೊಟ್ಟವನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್. 1925ರಲ್ಲಿ ಪನಾಮಾ ಕಾಲುವೆಯ ಮೂಲಕ ಹವಾನಾಕ್ಕೆ ಹೊರಟಿದ್ದ ‘ಫಿನ್‌ಲೆಂಡ್’ ಎಂಬ ಹಡಗಿನಲ್ಲಿ ಗೆಳೆಯರೊಡನೆ ಅದನ್ನು ಪ್ರಯೋಗಿಸಿ ನೋಡಿದ. ಈತನೇ ಮುಂದೆ ಹಾಯಿದೋಣಿಗಳ ಪಂದ್ಯದ ನಿಯಮಗಳನ್ನೂ ಹೊಸದಾಗಿ ರೂಪಿಸಿದನೆಂಬುದು ನನಗೆ ಬಲು ಇಷ್ಟವಾದ ಸಂಗತಿ. ಕೆಲವರಿಗೆ ಆಟಕ್ಕಿಂತ ಆಟದ ಕಟ್ಟಳೆಯಲ್ಲೇ ರುಚಿ ಹೆಚ್ಚು. ನಾನೂ ಆ ಜಾತಿಯವನೇ. 1932ರಲ್ಲಿ ಲಂಡನ್ನಿನ ಪೋರ್ಟ್‌ಲೆಂಡ್ ಕ್ಲಬ್ಬು, ನ್ಯೂಯಾರ್ಕಿನ ವಿಸ್ಟ್ ಕ್ಲಬ್ಬು ಮತ್ತು ಫ್ರಾನ್ಸಿನ ಬ್ರಿಜ್ ಮಂಡಲಿ ಸೇರಿ ಮೊದಲ ಅಂತರರಾಷ್ಟ್ರೀಯ ನಿಯಮಾವಳಿಯನ್ನು ಹೊರಡಿಸಿದವು. 1958ರಲ್ಲಿ ವಿಶ್ವ ಬ್ರಿಜ್ ಒಕ್ಕೂಟ ಹುಟ್ಟಿತು.

ಈ ನಿಯಮಗಳ ಒಳಹೊಕ್ಕು ನೋಡಿದಾಗ ನನಗೆ ಮೊದಲು ಕಂಡ ಸೋಜಿಗವೆಂದರೆ, ಎಲೆ ‘ಆಡಲಾಯಿತು’ ಎನ್ನುವ ಗಡಿ ಎಲ್ಲರಿಗೂ ಒಂದೇ ಅಲ್ಲ. ಪ್ರತಿಪಕ್ಷದವನ ಎಲೆಯ ಮುಖ ಅವನ ಜೊತೆಗಾರನಿಗೆ ಕಾಣಬಹುದಾದ ಸ್ಥಿತಿಗೆ ಬಂದರೆ ಸಾಕು, ಅದು ಆಡಿದ ಎಲೆಯೇ. ಹರಾಜು ಗೆದ್ದ ಆಟಗಾರನಿಗಾದರೋ ಸ್ವಲ್ಪ ಸಡಿಲವಿದೆ. ಎಲೆ ಮುಖ ಮೇಲಾಗಿ ಮೇಜನ್ನು ಮುಟ್ಟಬೇಕು, ಅಥವಾ ಮುಟ್ಟುವಷ್ಟು ಹತ್ತಿರ ಬರಬೇಕು. ಏಕೆ ಈ ಪಕ್ಷಪಾತ? ಪ್ರತಿಪಕ್ಷದವನು ಎಲೆ ತೋರಿಸಿ ಹಿಂತೆಗೆದರೆ ಅವನ ಜೊತೆಗಾರನಿಗೆ ಒಂದು ಗುಟ್ಟು ತಿಳಿದಂತಾಯಿತು. ಆಟಗಾರನ ಜೊತೆಗಾರ ಡಮ್ಮಿ. ಅವನಿಗೆ ತಿಳಿದರೂ ತಿಳಿಯದಿದ್ದರೂ ಒಂದೇ. ಅಂದರೆ ಕಾನೂನು ಇಲ್ಲಿ ಕೈಯ ಚಲನೆಯನ್ನಲ್ಲ, ಅದರಿಂದ ಯಾರಿಗೆ ಏನು ತಿಳಿಯಿತು ಎಂಬುದನ್ನು ಅಳೆಯುತ್ತದೆ.

ಎರಡನೆಯ ಸೋಜಿಗ ಹರಾಜಿನಲ್ಲಿದೆ. ಬಾಯಿಂದ ಕೂಗುವ ಬದಲು ಮುದ್ರಿತ ಚೀಟಿಗಳನ್ನು ಪೆಟ್ಟಿಗೆಯಿಂದ ತೆಗೆದಿಡುವ ಪದ್ಧತಿ ಸ್ವೀಡನ್ನಿನಲ್ಲಿ ಹುಟ್ಟಿ ಜಗತ್ತಿಗೆ ಹರಡಿತು. ಒಂದು ಹಾರ್ಟ್ ತೆಗೆಯಲು ಹೋದ ಬೆರಳಿಗೆ ಪಕ್ಕದ ಒಂದು ಇಸ್ಪೀಟು ಅಂಟಿಕೊಂಡು ಬರುವುದು ಅಪರೂಪವಲ್ಲ. ಇಂಥ ತಪ್ಪನ್ನು, ಜೊತೆಗಾರ ಮುಂದಿನ ಕೂಗು ಕೊಡುವವರೆಗೆ, ಯೋಚನೆಗೆ ಎಡೆಗೊಡದೆ ಸರಿಪಡಿಸಿಕೊಳ್ಳಬಹುದೆಂದು ಇಪ್ಪತ್ತೈದನೆಯ ನಿಯಮ ಹೇಳುತ್ತದೆ. ಡಮ್ಮಿಯಿಂದ ಯಾವ ಎಲೆ ಬೇಕೆಂದು ಹೇಳುವಾಗ ನಾಲಿಗೆ ತಪ್ಪಿದರೂ ಇಂಥದೇ ರಿಯಾಯಿತಿಯುಂಟು. 2017ರ ಪರಿಷ್ಕರಣೆಯಲ್ಲಿ ಇನ್ನೊಂದು ಮಾತು ಸೇರಿತು: ಯಾಂತ್ರಿಕ ದೋಷಕ್ಕೂ ನಾಲಿಗೆಯ ತೊಡರಿಗೂ ಕ್ಷಮೆಯುಂಟು, ಆದರೆ ಏಕಾಗ್ರತೆ ತಪ್ಪಿದ್ದಕ್ಕೆ ಕ್ಷಮೆಯಿಲ್ಲ. ಈ ವಾಕ್ಯ ಓದಿದಾಗ ನನಗೆ ಕಳಾವರದ ರಾಜನ ಮುಖ ಕಂಡಿತು. ನನ್ನ ಬೆರಳು ಜಾರಿರಲಿಲ್ಲ. ನನ್ನ ಎಣಿಕೆ ಜಾರಿತ್ತು.

ನಡುವೆ ಒಂದು ವಿಚಿತ್ರ ಪ್ರಯೋಗವೂ ನಡೆದಿತ್ತು. 1997ರ ನಿಯಮಾವಳಿಯಲ್ಲಿ, ಬೇಕೆಂದೇ ಕೊಟ್ಟ ಕೂಗನ್ನು ಮನಸ್ಸು ಬದಲಾಯಿಸಿ ಹಿಂದೆಗೆದುಕೊಳ್ಳಲೂ ಒಂದು ದಾರಿಯಿತ್ತು. ಎಡಗಡೆಯ ಎದುರಾಳಿ ಕೂಗುವ ಮೊದಲು ಬದಲಾಯಿಸಬಹುದು. ಆದರೆ ಆ ಆಟದಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ ಸರಾಸರಿಗಿಂತ ಕಡಿಮೆ ಅಂಕವೇ ಗರಿಷ್ಠ. ತಪ್ಪನ್ನು ಬೆಲೆ ಕೊಟ್ಟು ಕೊಳ್ಳುವ ಈ ಏರ್ಪಾಡು ಹಳೆಯ ದಂಡಪದ್ಧತಿಯ ಮೊಮ್ಮಗು. ಅದರ ಬಗ್ಗೆ ಜಗಳಗಳಾದವು, 2007ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ನಿಯಮಾವಳಿಯಿಂದ ‘ದಂಡ’ ಎಂಬ ಪದವೂ ಬಹುಮಟ್ಟಿಗೆ ಸರಿದು, ‘ಸರಿಪಡಿಕೆ’ ಎಂಬ ಅರ್ಥದ ಪದ ಬಂತು. ತಪ್ಪಿತಸ್ಥನನ್ನು ಶಿಕ್ಷಿಸುವುದಕ್ಕಿಂತ ತಪ್ಪು ಮಾಡದವನಿಗೆ ಹಾನಿಯಾಗದಂತೆ ನೋಡುವುದೇ ಮುಖ್ಯವೆಂಬ ನಿಲುವು ಇದು. ಶಿಕ್ಷಕನಾಗಿದ್ದವನಿಗೆ ಈ ಬದಲಾವಣೆ ಪರಿಚಿತ. ನಾನು ಕೆಲಸಕ್ಕೆ ಸೇರಿದಾಗ ಕೊಠಡಿಯ ಮೂಲೆಯಲ್ಲಿ ಬೆತ್ತವಿತ್ತು. ನಿವೃತ್ತನಾಗುವ ಹೊತ್ತಿಗೆ ಇರಲಿಲ್ಲ.

ಇನ್ನೊಂದು ನಿಯಮವನ್ನು ವಿಶೇಷವಾಗಿ ಹೇಳಬೇಕು. ಪಂದ್ಯದ ಮೇಜಿನಲ್ಲಿ ತಪ್ಪೊಂದು ನಡೆದರೆ ಅದನ್ನು ಮನ್ನಿಸುವ ಹಕ್ಕು ಆಟಗಾರರಿಗೆ ನೇರವಾಗಿ ಇಲ್ಲ. ನಿರ್ದೇಶಕನನ್ನು ಕರೆಯಬೇಕು. ಹಾನಿಗೊಳಗಾದ ಪಕ್ಷ ಕೇಳಿಕೊಂಡರೆ, ಸಕಾರಣವಿದೆಯೆಂದು ಕಂಡರೆ, ನಿರ್ದೇಶಕನು ತನ್ನ ವಿವೇಚನೆಯಿಂದ ಮನ್ನಿಸಬಹುದು. ಔದಾರ್ಯ ತೋರಬೇಕೆನ್ನುವವನು ಕೂಡ ಮೂರನೆಯವನ ಮೂಲಕವೇ ತೋರಬೇಕು. ಮೊದಲು ಓದಿದಾಗ ಇದು ಅತಿಯಾಯಿತೆನಿಸಿತು. ಈಗ ಹಾಗೆನಿಸುವುದಿಲ್ಲ, ಕಾರಣವನ್ನು ಮುಂದೆ ಹೇಳುತ್ತೇನೆ.

ಅಂತರಜಾಲದ ಬ್ರಿಜ್ 1990ರಲ್ಲಿ ಮ್ಯಾಥ್ಯೂ ಕ್ಲೆಗ್ ಎಂಬವರು ರೂಪಿಸಿದ ಓಕೆ-ಬ್ರಿಜ್‌ನಿಂದ ಬೆಳಕಿಗೆ ಬಂತು. ಆಗ ಚಿತ್ರಗಳಿರಲಿಲ್ಲ, ಅಕ್ಷರಗಳನ್ನು ಬೆರಳಚ್ಚಿಸಿ ಆಡಬೇಕಿತ್ತು. 2001ರಲ್ಲಿ ಕೆನಡಾದ ಫ್ರೆಡ್ ಗಿಟೆಲ್‌ಮನ್ ಮತ್ತವರ ಸಂಗಡಿಗರು ಬ್ರಿಜ್ ಬೇಸ್ ಆನ್‌ಲೈನ್ ಎಂಬ ತಾಣವನ್ನು ಉಚಿತವಾಗಿ ತೆರೆದರು. 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದಾಗಿ ಕ್ಲಬ್ಬುಗಳೆಲ್ಲ ಮುಚ್ಚಿ, ಅಮೆರಿಕದ ಕೊಲಂಬಸ್ ನಗರದಲ್ಲಿ ನಡೆಯಬೇಕಿದ್ದ ದೊಡ್ಡ ವಸಂತಕೂಟವೂ ರದ್ದಾದಾಗ, ಅದುವರೆಗೆ ಇಲಿಯನ್ನು ಹಿಡಿಯದ ಅಸಂಖ್ಯ ಹಿರಿಯರು ಪರದೆಯ ಮುಂದೆ ಬಂದು ಕುಳಿತರು. (ಇಲಿ ಎಂದರೆ ಮೌಸು, ನನ್ನ ಮೊಮ್ಮಗಳು ಇದಕ್ಕೆ ನಗುತ್ತಾಳೆ.) ನಾವು ನಾಲ್ವರು ಹಳೆಯ ವಸತಿಗೃಹದವರು ಮತ್ತೆ ಒಂದಾದದ್ದೂ ಆಗಲೇ.

ಯಂತ್ರವು ಹಳೆಯ ತಪ್ಪುಗಳಲ್ಲಿ ಅನೇಕವನ್ನು ಅಳಿಸಿಹಾಕಿತು. ಸರದಿ ತಪ್ಪಿ ಎಲೆ ಇಳಿಸಲಾಗದು, ಬಣ್ಣವಿದ್ದೂ ಬೇರೆ ಬಣ್ಣ ಹಾಕಲಾಗದು, ಸಾಲದ ಕೂಗು ಕೂಗಲಾಗದು. ಯಂತ್ರ ಬಿಡುವುದೇ ಇಲ್ಲ. ನಿಯಮಾವಳಿಯ ಎಷ್ಟೋ ಪುಟಗಳು ನಿರುದ್ಯೋಗಿಗಳಾದವು. ಆದರೆ ಅದೇ ಯಂತ್ರ ಹೊಸದೊಂದು ತಪ್ಪನ್ನು ಹುಟ್ಟಿಸಿತು. ಕೈಯಲ್ಲಿ ಹಿಡಿದ ಎಲೆಗಳಲ್ಲಿ ಎರಡು ಬೇಡದ ಎಲೆಯೊಂದಿಗೆ ಬೇಕಾದದ್ದು ಅಂಟಿಕೊಂಡು ಬಿದ್ದರೆ, ಅವುಗಳಲ್ಲಿ ಯಾವುದನ್ನು ಆಡಿದೆನೆಂದು ಹೇಳಲು ಮೇಜಿನ ನಿಯಮ ಅವಕಾಶ ಕೊಡುತ್ತದೆ. ಅದಕ್ಕಿಂತ ಹೆಚ್ಚಿನ ಯಾಂತ್ರಿಕ ಜಾರುವಿಕೆ ಅಲ್ಲಿ ಅಪರೂಪ, ಏಕೆಂದರೆ ಎಲೆಯನ್ನು ಹಿಡಿದು, ಎಳೆದು, ಇಡಬೇಕು. ಪರದೆಯಲ್ಲಾದರೋ ಒಂದು ಮುಟ್ಟು ಸಾಕು. ಕೈಫೋನಿನಲ್ಲಿ ಹದಿಮೂರು ಎಲೆಗಳು ಒಂದರ ಮೇಲೊಂದು ಒತ್ತಿಕೊಂಡಿರುವಾಗ, ಕಣ್ಣಿನ ಪೊರೆ ತೆಗೆಸಿಕೊಂಡ ಅರುವತ್ತೈದರ ಮನುಷ್ಯನ ಹೆಬ್ಬೆರಳು ರಾಣಿಯ ಬದಲು ಪಕ್ಕದ ರಾಜನನ್ನು ಮುಟ್ಟುವುದು ದೊಡ್ಡ ಮಾತಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದೇ ಅನ್‌ಡು ಗುಂಡಿ. ಕೇಳಿದವನ ಮನವಿ ಎದುರಾಳಿಗಳ ಪರದೆಯಲ್ಲಿ ಮೂಡುತ್ತದೆ, ಅವರು ಒಪ್ಪಿದರೆ ಆಟ ಹಿಂದಕ್ಕೆ ಸರಿಯುತ್ತದೆ. ಮೇಜನ್ನು ತೆರೆಯುವವನು ಈ ಸೌಲಭ್ಯವೇ ಬೇಡವೆಂದು ಮೊದಲೇ ಮುಚ್ಚಿಡಲೂಬಹುದು.

ನೋಡಲು ಸೌಜನ್ಯದ ಏರ್ಪಾಡು. ಆದರೆ ಇಲ್ಲಿ ಏನಾಯಿತೆಂದು ಗಮನಿಸಿ. ಮೇಜಿನಲ್ಲಿ ಬೆರಳು ಜಾರಿತೇ ಮನಸ್ಸು ಬದಲಾಯಿತೇ ಎಂಬುದನ್ನು ತಿಳಿಯಲು ಸಾಕ್ಷಿಗಳಿದ್ದವು: ಮುಖ, ಉದ್ಗಾರ, ಕೈಯ ಆತುರ, ನಡುವಿನ ಮೌನ. ‘ಯೋಚನೆಗೆ ಎಡೆಗೊಡದೆ’ ಎಂಬ ಷರತ್ತು ಕಣ್ಣಿಂದ ನೋಡಿ ನಿರ್ಧರಿಸುವಂಥದು. ಪರದೆಯ ಮೇಲೆ ಸಾಕ್ಷಿ ಯಾವುದೂ ಉಳಿಯಲಿಲ್ಲ. ತೀರ್ಪುಗಾರನೂ ಹೋದ. ಕೊನೆಗೆ ಉಳಿದವನು, ತೀರ್ಪಿನಿಂದ ಲಾಭನಷ್ಟವುಳ್ಳ ಎದುರಾಳಿ. ಅವನು ಇಲ್ಲವೆಂದರೆ ಜಿಪುಣ, ಹೌದೆಂದರೆ ಪೆದ್ದ. ತಪ್ಪು ಮಾಡಿದವನು ನಾನು, ಧರ್ಮಸಂಕಟ ಅವನಿಗೆ.

ಚದುರಂಗದಲ್ಲೂ ಇಂಥದೇ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಮನೆಯಲ್ಲಿಟ್ಟು ಕೈಬಿಟ್ಟರೆ ನಡೆ ಮುಗಿಯಿತು ಎಂಬುದು ಅಲ್ಲಿನ ಕಟ್ಟಳೆ. 1994ರಲ್ಲಿ ಸ್ಪೇನಿನ ಲಿನಾರೆಸ್ ಪಂದ್ಯಾವಳಿಯಲ್ಲಿ ಗ್ಯಾರಿ ಕಾಸ್ಪರೋವ್, ಹದಿನೇಳರ ಹರೆಯದ ಯೂದಿತ್ ಪೋಲ್ಗಾರ್ ಎದುರು ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಮರುಗಳಿಗೆಯಲ್ಲಿ ಬೇರೆ ಮನೆಗೆ ಒಯ್ದ. ಬೆರಳು ಕಾಯಿಯನ್ನು ಬಿಟ್ಟಿತ್ತೆ? ಸುಮಾರು ಕಾಲು ಸೆಕೆಂಡಿನಷ್ಟು ಬಿಟ್ಟಿತ್ತೆಂದು ದೂರದರ್ಶನದ ಚಿತ್ರಣ ಆಮೇಲೆ ತೋರಿಸಿತು. ಆ ಹುಡುಗಿ ಆ ಕ್ಷಣದಲ್ಲಿ ತೀರ್ಪುಗಾರನಿಗೆ ದೂರು ಕೊಡಲಿಲ್ಲ. ಜಗತ್ತಿನ ಅಗ್ರ ಆಟಗಾರನ ಮುಂದೆ ಕೈಯೆತ್ತಿ ದೂರುವ ಹೊರೆ ಅವಳ ಮೇಲೆ ಬಿದ್ದಿತ್ತು. ಅವಳು ಹೊರಲಿಲ್ಲ, ಆಟವನ್ನೂ ಸೋತಳು. ತೀರ್ಪುಗಾರನೂ ಚಿತ್ರಯಂತ್ರವೂ ಇದ್ದ ಕೊಠಡಿಯಲ್ಲೇ ಹೀಗಾದರೆ, ಯಾರೂ ಇಲ್ಲದ ಪರದೆಯಲ್ಲಿ ಹೇಗೆ?

ಹಾಗಾದರೆ ನ್ಯಾಯವಾದ ನಿಯಮ ಯಾವುದು? ಅನ್‌ಡು ಎಂಬುದೇ ಬೇಡವೆನ್ನುವ ಕಟ್ಟುನಿಟ್ಟಿನವರಿದ್ದಾರೆ. ನಡುಗುವ ಬೆರಳಿನವರಿಗೆ ಅದು ಕ್ರೌರ್ಯ. ಕೇಳಿದಾಗಲೆಲ್ಲ ಕೊಡಿ, ಇದು ಮನರಂಜನೆಯಲ್ಲವೇ ಎನ್ನುವವರಿದ್ದಾರೆ. ಅವರಿಗೆ ನಾನು ನನ್ನ ಕಳಾವರದ ರಾಜನನ್ನೇ ಉತ್ತರವಾಗಿ ಕೊಡಬಲ್ಲೆ. ನನಗೆ ಸರಿಕಂಡದ್ದು ಹರಾಜನ್ನೂ ಆಟವನ್ನೂ ಬೇರೆ ಮಾಡುವ ದಾರಿ. ಹರಾಜಿನಲ್ಲಿ ತಪ್ಪಿ ಒತ್ತಿದ ಕೂಗನ್ನು ತಕ್ಷಣ ತಿದ್ದಿಕೊಂಡರೆ ಯಾರ ಎಲೆಯೂ ಬಯಲಾಗಿರುವುದಿಲ್ಲ. ತಿದ್ದದೆ ಬಿಟ್ಟರೆ ಜೊತೆಗಾರನು ಸುಳ್ಳು ಕೂಗಿನ ಮೇಲೆ ಕಟ್ಟುತ್ತ ಹೋಗಿ ಇಡೀ ಆಟ ನಾಲ್ವರಿಗೂ ಹಾಳು. ಎಲೆಯ ಮಾತು ಹಾಗಲ್ಲ. ನಾನು ರಾಜನನ್ನು ಇಳಿಸಿ, ಎದುರಾಳಿ ಎಕ್ಕದಿಂದ ಹೊಡೆದ ಮೇಲೆ ರಾಜನನ್ನು ಹಿಂತೆಗೆದರೆ, ಎಕ್ಕ ಎಲ್ಲಿದೆಯೆಂಬ ಜ್ಞಾನವನ್ನು ಯಾವ ಗುಂಡಿಯೂ ನನ್ನ ತಲೆಯಿಂದ ಹಿಂತೆಗೆಯಲಾರದು. ಪ್ರತಿಪಕ್ಷದವನು ಎಲೆ ತೋರಿಸಿ ಹಿಂತೆಗೆದರೂ ಹಾಗೆಯೇ, ಅವನ ಜೊತೆಗಾರ ಕಂಡಾಗಿದೆ. ಹಲವು ಸ್ಪರ್ಧೆಗಳ ಸಂಘಟಕರು ಇದೇ ಗೆರೆಯನ್ನು ಎಳೆದಿದ್ದಾರೆ: ಹರಾಜಿನಲ್ಲಿ ಬೆರಳು ತಪ್ಪಿದರೆ ಅವಕಾಶ, ಎಲೆ ಇಳಿಸಿದ ಮೇಲೆ ಇಲ್ಲ. ಬೆರಳಿನ ತೊಂದರೆಗೆ ಉಪಾಯ ಬೇರೆಯೇ ಇದೆ. ಪ್ರತಿ ಎಲೆಯನ್ನೂ ಎರಡನೆಯ ಬಾರಿ ಒತ್ತಿ ಖಚಿತಪಡಿಸಿದ ಮೇಲೆಯೇ ಆಡುವಂತೆ ತಾಣದಲ್ಲಿ ಹೊಂದಿಸಿಕೊಳ್ಳಬಹುದು. ಎರಡು ಬಾರಿ ಒತ್ತಿದವನು ಬೆರಳನ್ನು ದೂಷಿಸಲಾರ.

ಇಷ್ಟೆಲ್ಲ ಓದಿ ಮುಗಿಸುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಸ್ನೇಹಿತರಿಗೆ ದೂರವಾಣಿ ಮಾಡಿ, ಆ ರಾತ್ರಿ ಬೆರಳು ಜಾರಿರಲಿಲ್ಲವೆಂದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು.

“ಇಸ್ಪೀಟಿನ ಏಳು ನನ್ನ ಕೈಯಲ್ಲೇ ಇತ್ತು ಮೇಷ್ಟ್ರೆ. ಕಳಾವರ ಮುಗಿದಿತ್ತು. ನೀವು ಮರೆತಿರಿ ಅಂತ ಆಗಲೇ ಗೊತ್ತಾಯಿತು” ಎಂದರು.

“ಮತ್ತೆ ಒಪ್ಪಿದ್ದೇಕೆ?”

“ನೀವು ಕೇಳಿದಿರಲ್ಲ. ಇಲ್ಲ ಅನ್ನೋದು ಹೇಗೆ?”

ನಿರ್ದೇಶಕನ ಮೂಲಕವೇ ಮನ್ನಿಸಬೇಕೆಂಬ ಆ ‘ಅತಿಯಾದ’ ನಿಯಮದ ಅರ್ಥ ನನಗೆ ಆಗ ಪೂರ್ತಿ ಹೊಳೆಯಿತು. ನಲವತ್ತು ವರ್ಷದ ಸ್ನೇಹವನ್ನು ನಾನು ಒಂದು ಗುಂಡಿಯ ಮೂಲಕ ಒತ್ತೆಯಿಟ್ಟಿದ್ದೆ, ಅವರು ಬಿಡಿಸಿಕೊಟ್ಟಿದ್ದರು.

ಮುಂದಿನ ವಾರದಿಂದ ನಮ್ಮ ನಾಲ್ವರ ಮೇಜಿನಲ್ಲಿ ಕಟ್ಟಳೆ ಬದಲಾಯಿತು. ಹರಾಜಿನಲ್ಲಿ, ಜೊತೆಗಾರ ಕೂಗುವ ಮೊದಲು ಕೇಳಿದರೆ, ಪ್ರಶ್ನೆಯಿಲ್ಲದೆ ಒಪ್ಪಿಗೆ. ಇಳಿದ ಎಲೆಗೆ ಕೇಳುವಂತಿಲ್ಲ. ಕೇಳುವುದೇ ತಪ್ಪು, ಆದ್ದರಿಂದ ನಿರಾಕರಿಸುವ ಕಷ್ಟ ಯಾರಿಗೂ ಇಲ್ಲ. ನಾನೂ ಇನ್ನೊಬ್ಬ ಗೆಳೆಯರೂ ಎರಡು ಬಾರಿ ಒತ್ತುವ ಏರ್ಪಾಡನ್ನು ಹಾಕಿಕೊಂಡಿದ್ದೇವೆ. ಆಟ ತುಸು ನಿಧಾನವಾಯಿತೆಂದು ಉಳಿದಿಬ್ಬರು ಗೊಣಗುತ್ತಾರೆ.

ನಮ್ಮ ಆಟಗಳ ಅಂಕಗಳನ್ನು ನಾನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ಭಾನುವಾರ ಸಂಜೆ ಅದನ್ನು ತೆಗೆದು, ಕೆಂಪು ಶಾಯಿಯಲ್ಲಿ ನನ್ನ ಹೆಸರಿನ ಮುಂದಿನ 420ನ್ನು ಹೊಡೆದುಹಾಕಿ, ಅವರ ಹೆಸರಿನ ಮುಂದೆ 50 ಎಂದು ಬರೆದೆ.